ಬೆಕ್ಕಿನ ಕಡೆಯವರು

ರಿಟೈರಾದವನ ಮನೆಯಲ್ಲಿ ಪೇಪರು, ಕಾಫಿ, ಮಧ್ಯಾಹ್ನದ ನಿದ್ದೆ ಬಿಟ್ಟರೆ ಇನ್ನೇನು ನಡೆಯುತ್ತೆ ಅಂದುಕೊಂಡಿದ್ದೆ. ಬೆಕ್ಕು ಬಂದ ಮೇಲೆ ಎದೆ ಡವಗುಟ್ಟದ ವಾರವೇ ಇಲ್ಲ. ಕಾರಣ, ಯಲಹಂಕದ ಕಡೆಯ ಸಿಂಗಾಪುರ ಬಡಾವಣೆಯ ನಮ್ಮ ಬಾಡಿಗೆ ಮನೆಗೆ ಅದು ಬಂದದ್ದು ಒಂದು ತಿಂಗಳ ಟ್ರಯಲ್ ಮೇಲೆ. ಸರಿಯಾಗಿ ನೋಡಿಕೊಳ್ಳದಿದ್ದರೆ ವಾಪಸ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪ್ರೊಬೇಷನ್ ಅಂದರೂ ನಾನು ಇಷ್ಟು ಹೆದರಿರಲಿಲ್ಲ.

ನೋಡೋಕೆ ಬಂದರು

ಬೀದಿ ಬೆಕ್ಕುಗಳನ್ನು ಎತ್ತಿ ತಂದು, ಔಷಧಿ ಮಾಡಿಸಿ, ಒಳ್ಳೇ ಮನೆ ಹುಡುಕಿ ಕೊಡುವ ಹುಡುಗಿಯೊಬ್ಬಳು ಅಬ್ಬಿಗೆರೆಯಲ್ಲಿದ್ದಾಳೆ. ಮೋರಿಯಲ್ಲಿ ಸಿಕ್ಕ ಬೂದು ಬೆಕ್ಕಿನ ಫೋಟೋ ಕಳಿಸಿದಳು, ನಾನು ಸೋತೆ. ನನ್ನ ಹೆಂಡತಿ ಮಾತ್ರ, "ನಿಮ್ಮ ಹುಚ್ಚು, ನೀವೇ ನೋಡ್ಕೊಳ್ಳಿ" ಅಂದುಬಿಟ್ಟಳು.

"ಬೆಕ್ಕು ಕೊಡೋ ಮುಂಚೆ ಮನೆ ನೋಡ್ಬೇಕು ಅಂಕಲ್" ಅಂತ ಹುಡುಗಿ ಫೋನ್ ಮಾಡಿದಳು. ಹೀಗೆ ನೋಡೋಕೆ ಬರುವವರಿಗೆ ಏನು ಮಾಡಬೇಕು ಅನ್ನೋದು ನಮಗೆ ಚೆನ್ನಾಗಿ ಗೊತ್ತು. ಉಪ್ಪಿಟ್ಟು, ಕೇಸರಿಬಾತ್ ಆಯ್ತು. ಸೋಫಾಗೆ ಹೊಸ ಕವರ್ ಬಂತು. ನಾನು ಇಸ್ತ್ರಿ ಶರ್ಟು ಹಾಕಿ ಬಾಗಿಲಲ್ಲಿ ನಿಂತೆ.

ಅವಳು ನಮ್ಮ ಮುಖ ನೋಡಲೇ ಇಲ್ಲ, ನೇರ ಬಾಲ್ಕನಿಗೆ ಹೋದಳು.

"ಇಲ್ಲಿ ಮೆಶ್ ಇಲ್ವಲ್ಲ ಅಂಕಲ್?"

"ಮೇಲಿನ ಮಹಡಿ ಅಲ್ವೇನಮ್ಮ, ಕಳ್ಳರು ಹತ್ತಿ ಬರಲ್ಲ."

"ಒಳಗೆ ಬರೋರ ಯೋಚನೆ ಅಲ್ಲ. ಬೆಕ್ಕು ಹೊರಗೆ ಬೀಳುತ್ತೆ."

ಊರಿಗೆ ಹೋದರೆ ಯಾರು ನೋಡ್ಕೋತಾರೆ, ಹುಷಾರು ತಪ್ಪಿದರೆ ಯಾವ ಡಾಕ್ಟರು, ಮರಿ ಹಾಕದ ಹಾಗೆ ಆಪರೇಷನ್ ಮಾಡಿಸ್ತೀರಾ, ಎಲ್ಲ ಕೇಳಿದಳು. ಮಗಳ ಮದುವೆಯಲ್ಲಿ ಗಂಡಿನ ಕಡೆಯವರನ್ನು ನಾವು ಇದರಲ್ಲಿ ಅರ್ಧ ಕೂಡ ಕೇಳಿರಲಿಲ್ಲ. ಕೊನೆಗೆ ಕೇಸರಿಬಾತ್ ತಿಂದು, ಕೈ ತೊಳೆದುಕೊಂಡು, "ಯೋಚನೆ ಮಾಡಿ ತಿಳಿಸ್ತೀನಿ" ಅಂತ ಹೋದಳು.

ವಾಸನೆ

ಮೆಶ್ ಹಾಕಿಸಿದೆವು, ಬೆಕ್ಕು ಬಂತು. ಹೆಂಡತಿ ಬಟ್ಟಲಲ್ಲಿ ಮೊಸರನ್ನ ಇಟ್ಟಳು. ಅದರ ಫೋಟೋ ಕಳಿಸಿದ್ದಕ್ಕೆ ಹುಡುಗಿ ತಕ್ಷಣ ಫೋನ್ ಮಾಡಿದಳು. "ಅದಕ್ಕೆ ಮೀನು ಮಾಂಸದ್ದೇ ಆಗ್ಬೇಕು ಅಂಕಲ್. ಹೀಗೇ ಆದ್ರೆ ನಾನು ವಾಪಸ್ ಕರ್ಕೊಂಡು ಹೋಗ್ತೀನಿ."

ಮೊಟ್ಟೆಯೂ ಹೊಸ್ತಿಲು ದಾಟದ ಮನೆ ನಮ್ಮದು. ಮೀನಿನ ಪೊಟ್ಟಣ ತಂದೆ. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಳು. ನನ್ನ ಕೈ ಅಳತೆ ಸರಿಯಿಲ್ಲ ಅಂತ ಆಮೇಲೆ ತಾನೇ ಬಡಿಸತೊಡಗಿದಳು.

ಒಂದು ದಿನ ಕೆಳಗಿನ ಮನೆಯಲ್ಲೇ ಇರುವ ನಮ್ಮ ಓನರ್ ಮೆಟ್ಟಿಲಲ್ಲಿ ತಡೆದರು. ಈ ಲೇಔಟು ಹೊಲವಾಗಿದ್ದಾಗ ಇಲ್ಲೇ ರಾಗಿ ಬೆಳೆದವರು.

"ಸಾರ್, ನಿಮ್ ಮನೆ ತಾವ ಮೀನ್ ವಾಸ್ನೆ ಒಡೀತೈತೆ."

ಮನೆ ಖಾಲಿ ಮಾಡಿ ಅಂತಾರೆ, ಮುಗೀತು ಕಥೆ ಅಂದುಕೊಂಡೆ. ಅವರು ಬೇಜಾರಿನ ಮುಖ ಮಾಡಿ ಅಂದರು: "ನೀವೂ ತಿಂತೀರಾ ಅಂತ ಮೊದ್ಲೇ ಯೋಳಿದ್ರೆ ವರ್ಸತೊಡಕಿನ ಬಾಡೂಟಕ್ಕೆ ಕರೀತಿರ್ಲಿಲ್ವಾ?"

ಬೆಕ್ಕನ್ನು ತೋರಿಸಿದ ಮೇಲೂ ಅವರ ಅನುಮಾನ ಪೂರ್ತಿ ಹೋದಂತಿಲ್ಲ.

ಆಪರೇಷನ್

ಆಪರೇಷನ್ ದಿನ ಬೆಕ್ಕಿಗೆ ಏನೂ ಕೊಡಬಾರದು. ಅಡುಗೆಮನೆ ಬಾಗಿಲಲ್ಲಿ ಕೂತು ಅದು ಕೂಗಿದ ಕೂಗಿಗೆ ನಾವಿಬ್ಬರೂ ಟೆರೇಸಿಗೆ ಹೋಗಿ, ನೀರಿನ ಟ್ಯಾಂಕಿನ ಹಿಂದೆ ಕದ್ದು ಇಡ್ಲಿ ತಿಂದೆವು.

ಯಲಹಂಕದ ಕ್ಲಿನಿಕ್ಕಿನಲ್ಲಿ ಅಟೆಂಡರ್ ಕೂಗಿದ, "ಬೆಕ್ಕಿನ ಕಡೆಯವರು ಯಾರು?"

ನಾವಿಬ್ಬರೂ ಎದ್ದೆವು. ನನ್ನ ಕಂಕುಳಲ್ಲಿ ದಿಂಬು, ಬೆಡ್‌ಶೀಟು. ಅವಳ ಕೈಯಲ್ಲಿ ಫ್ಲಾಸ್ಕು.

"ಸಂಜೆಗೇ ಕಳಿಸ್ತೀವಿ ಅಮ್ಮ, ಇದೆಲ್ಲ ಯಾಕೆ?"

"ಜೊತೆಗೆ ಒಬ್ಬರು ಇರೋಕೆ ಬಿಡಲ್ವಾ?"

"ಇಲ್ಲ."

"ಹಾಗಾದ್ರೆ ಎಚ್ಚರ ಆದ್ಮೇಲೆ ಈ ಗಂಜಿ ಕೊಡಪ್ಪ."

ಸಂಜೆವರೆಗೆ ಆಚೆ ಬೆಂಚಿನ ಮೇಲೆ ಕೂತಿದ್ದೆವು. ಕೊನೆಗೆ ಅಟೆಂಡರ್ ಮೊದಲು ಬೆಕ್ಕನ್ನು ಕೊಟ್ಟ, ಆಮೇಲೆ ಖಾಲಿ ಫ್ಲಾಸ್ಕನ್ನು. "ಉಪ್ಪು ಒಂಚೂರು ಕಮ್ಮಿ ಇತ್ತಮ್ಮ" ಅಂದ.

ಬುಟ್ಟಿ

ತಿಂಗಳು ಮುಗಿಯಿತು. "ಭಾನುವಾರ ಬರ್ತೀನಿ" ಅಂತ ಹುಡುಗಿಯ ಮೆಸೇಜು ಬಂತು. ಭಾನುವಾರ ಸ್ನಾನ ಮಾಡಿ ಹೊರಗೆ ಬರುತ್ತೇನೆ, ಬೆಕ್ಕಿಲ್ಲ. ಮಂಚದ ಕೆಳಗೆ, ಬೀರುವಿನೊಳಗೆ, ಎಲ್ಲೂ ಇಲ್ಲ. ಮುಂಬಾಗಿಲಿನ ಚಿಲಕ ತೆಗೆದಿತ್ತು.

ಬನಿಯನ್ನಿನಲ್ಲೇ ಬೀದಿಗೆ ಓಡಿದೆ. ಖಾಲಿ ಸೈಟಿನ ಪೊದೆಗಳಲ್ಲೆಲ್ಲ ಹುಡುಕಿದೆ. ಓನರೂ ಬಂದು ಕಾರುಗಳ ಕೆಳಗೆ ಬಗ್ಗಿ ನೋಡಿದರು. "ಸಿಗ್ತೈತೆ ಬುಡಿ ಸಾರ್" ಅಂತ ಹೇಳಿ ಒಳಗೆ ಹೋದರು. ಮೇಲೆ ಬಂದರೆ ಹೆಂಡತಿ ಸೊಪ್ಪು ಬಿಡಿಸುತ್ತಾ ಕೂತಿದ್ದಾಳೆ.

"ನಿನಗೆ ಒಂಚೂರೂ ಚಿಂತೆ ಇಲ್ವೇನೇ?"

"ಬೆಕ್ಕಲ್ವಾ, ಬರುತ್ತೆ."

ಅಷ್ಟರಲ್ಲಿ ಹುಡುಗಿ ಬಂದಳು. ಕೈಯಲ್ಲಿ ಟವೆಲ್ ಮುಚ್ಚಿದ ಬುಟ್ಟಿ. ವಾಪಸ್ ಒಯ್ಯೋಕೆ ತಯಾರಾಗಿಯೇ ಬಂದಿದ್ದಾಳೆ ಅನ್ನಿಸಿತು. ನಡೆದದ್ದೆಲ್ಲ ಹೇಳಿಬಿಟ್ಟೆ.

"ನಿಮ್ಮನ್ನ ನಂಬಿ ಕೊಟ್ಟಿದ್ದೆ ಅಂಕಲ್" ಅಂದಳು ಮೆಲ್ಲಗೆ. ಬೈದಿದ್ದರೆ ವಾಸಿಯಿತ್ತು.

ಆಗ ಬಾಗಿಲು ತಳ್ಳಿಕೊಂಡು ಓನರ್ ಬಂದರು. ಎದೆಗವುಚಿಕೊಂಡಿದ್ದದ್ದು ನಮ್ಮ ಬೆಕ್ಕು. ನನ್ನ ಹೆಂಡತಿಯ ಕಡೆ ನೋಡಿ, "ಅಮ್ಮಾ, ಇನ್ನೂ ಎಷ್ಟೊತ್ತು ಬಚ್ಚಿಟ್ಕೊಂಡಿರ್ಲಿ? ನಮ್ ಸೋಫಾ ಎಲ್ಲಾ ಪರಚಾಕ್ಬುಡ್ತು" ಅಂದರು. ಅಲ್ಲಿದ್ದ ಹುಡುಗಿ ಅವರ ಕಣ್ಣಿಗೆ ಬಿದ್ದದ್ದು ಆಮೇಲೆ.

ಹೆಂಡತಿ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ತಿಂಗಳಾಯ್ತಲ್ಲ, ಕರ್ಕೊಂಡು ಹೋಗ್ತಾಳೆ ಅಂತ... ಇವರಿಗೆ ಹೇಳಿದ್ರೆ ಬಾಯಲ್ಲಿ ನಿಲ್ಲಲ್ಲ."

ಹುಡುಗಿ ಬುಟ್ಟಿ ಕೆಳಗಿಟ್ಟು ಟವೆಲ್ ಸರಿಸಿದಳು. ಒಳಗೆ ಇನ್ನೊಂದು ಬೂದು ಬೆಕ್ಕು. "ಕರ್ಕೊಂಡು ಹೋಗೋಕಲ್ಲ ಆಂಟಿ, ಕೇಳೋಕೆ ಬಂದೆ. ನಿಮ್ಮ ಬೆಕ್ಕಿನ ತಂಗಿ ಇದು. ಇದಕ್ಕೂ ಇಂಥದ್ದೇ ಮನೆ ಬೇಕಿತ್ತು."

ಓನರ್ ಬಗ್ಗಿ ಬುಟ್ಟಿಯೊಳಗೆ ನೋಡಿದರು. ಎದೆಗವುಚಿಕೊಂಡಿದ್ದ ಬೆಕ್ಕನ್ನು ಆ ಕೈಗೆ ಸರಿಸಿ, ಈ ಕೈ ಖಾಲಿ ಮಾಡಿಕೊಂಡು, ನನ್ನ ಹೆಂಡತಿಯನ್ನು ಕೇಳಿದರು:

"ಇದನ್ನೂ ಕೆಳಕ್ಕೆ ತಕ್ಕೊಂಡೋಗ್ಲಾ ಅಮ್ಮಾ?"