ಗೃಹಪ್ರವೇಶದ ರಿಸ್ಕ್ ರಿಜಿಸ್ಟರ್

ನವಿಮುಂಬಯಿ ತುರ್ಭೆಯ ನಮ್ಮ ಕಂಪನಿಯವರು ನನ್ನನ್ನು ವಾಶಿಯ ಹೋಟೆಲೊಂದರಲ್ಲಿ ನಡೆದ ಎರಡು ದಿನದ ಟ್ರೈನಿಂಗಿಗೆ ಕಳುಹಿಸಿದರು. ಕೆಲಸದಲ್ಲಿ ಬರುವ ತೊಂದರೆಗಳ ಮೇಲೆ ಕಣ್ಣಿಡುವುದು ಹೇಗೆ ಎಂಬುದೇ ವಿಷಯ. ಆಗಬಹುದಾದದ್ದು ರಿಸ್ಕ್, ಆಗಿಹೋದದ್ದು ಇಶ್ಯೂ. ಪ್ರತಿ ರಿಸ್ಕನ್ನೂ ಪಟ್ಟಿಯಲ್ಲಿ ಬರೆದು, ಅದಕ್ಕೊಬ್ಬ 'ಓನರ್', ಅಂದರೆ ಹೊಣೆಗಾರನ ಹೆಸರು ಹಾಕಬೇಕು. ಇಷ್ಟು ಕಲಿತು, ಬಫೆ ಊಟ ಹೊಡೆದು, ಸರ್ಟಿಫಿಕೇಟು ಹಿಡಿದು ಡೊಂಬಿವಲಿಗೆ ಮರಳುವಾಗ, ಇನ್ನು ನನ್ನ ಅಪ್ಪಣೆಯಿಲ್ಲದೆ ಲೋಕದಲ್ಲಿ ಒಂದು ಅನಾಹುತವೂ ನಡೆಯದು ಎಂಬ ಧೈರ್ಯ ಬಂದಿತ್ತು!

ಮುಂದಿನ ಭಾನುವಾರವೇ ನಮ್ಮ ಗೃಹಪ್ರವೇಶ. ಹನ್ನೊಂದು ವರ್ಷ ಬಾಡಿಗೆ ಖೋಲಿಯಲ್ಲಿ ಒಲೆ ಹಚ್ಚಿದ ನನ್ನ ಹೆಂಡತಿ ಶೋಭಾಗೆ ಸ್ವಂತ ಅಡುಗೆಮನೆ ಎಂದರೆ ಪ್ರಾಣ.

"ಒಂಬತ್ತೂವರೆ ಒಳಗೆ ಹಾಲು ಉಕ್ಕಿಸ್ಬೇಕಂತೆ. ಮುಹೂರ್ತ ಒಂದು ತಪ್ಪದಿದ್ರೆ ಸಾಕು ಮಾರಾಯ್ರೇ" ಎಂದಳು.

"ಹೆದರ್ಬೇಡ, ರಿಸ್ಕ್ ರಿಜಿಸ್ಟರ್ ಮಾಡ್ತೇನೆ."

"ಅದೆಲ್ಲ ಎಂತಕ್ಕೆ? ನೀವು ಹೂ ತಂದುಕೊಟ್ರೆ ಸಾಕು."

ಹಿತ್ತಲ ಗಿಡ ಮದ್ದಲ್ಲ! ನಾನು ಆಫೀಸಿನಲ್ಲೇ ಕೂತು ಪಟ್ಟಿ ತಯಾರಿಸಿ ಪ್ರಿಂಟು ತೆಗೆದೆ. ರಿಪೇರಿಗೆಂದು ಲೋಕಲ್ ಟ್ರೈನು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕಿನಲ್ಲಿ ಭಟ್ಟರು ಸಿಕ್ಕಿಕೊಳ್ಳಬಹುದು. ಹಿಂದಿನ ದಿನವೇ ಕರೆಸುವುದು. ಹಳೆಯ ಅನುಭವಗಳನ್ನೂ ಸೇರಿಸಿ ಎಂದು ಟ್ರೈನಿಂಗಿನಲ್ಲಿ ಹೇಳಿದ್ದರು. ನನ್ನ ಹಳೆಯ ಅನುಭವ ಒಂದೇ. ಒಲೆಯ ಮೇಲೆ ಹಾಲು, ನನ್ನ ಕೈಯಲ್ಲಿ ಪೇಪರು, ಶೋಭಾಳ ಬೈಗುಳ. ಆದ್ದರಿಂದ ಹದಿನೇಳನೆಯ ಸಾಲಿನಲ್ಲಿ ಬರೆದೆ: ಹಾಲು ಉಕ್ಕಿ ಚೆಲ್ಲುವುದು. ಸಂಭವ: ಅತಿ ಹೆಚ್ಚು. ಹದಿನೆಂಟನೆಯದು: ಬೆಂಕಿ ಅವಘಡ. ಒಲೆ ಹಚ್ಚಿದ ಕೂಡಲೇ ಲೈಟರು, ಕಡ್ಡಿಪೆಟ್ಟಿಗೆ ಮನೆಯಿಂದ ಹೊರಗೆ! ಓನರ್ ಆಗಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಎಲ್ಲ ಸಾಲಿಗೂ ನನ್ನ ಹೆಸರನ್ನೇ ಹಾಕಿದೆ.

ಭಾನುವಾರ ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆಯಿತು. ಶೋಭಾ ಒಲೆ ಹಚ್ಚಿ ಹಾಲಿಟ್ಟಳು. ನಾನು ಲೈಟರು, ಕಡ್ಡಿಪೆಟ್ಟಿಗೆ ಎತ್ತಿಕೊಂಡು ನಾಲ್ಕು ಮಹಡಿ ಇಳಿದೆ. ಲಿಫ್ಟು ಇನ್ನೂ ಶುರುವಾಗಿರಲಿಲ್ಲ. ಎರಡನ್ನೂ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ, ಬೀಗ ಜಡಿದು, ಏದುಸಿರು ಬಿಡುತ್ತ ಮೇಲೆ ಬಂದೆ.

ನೆಂಟರೆಲ್ಲ ಒಲೆಯ ಸುತ್ತ ನಿಂತಿದ್ದರು. ಹಾಲು ಏರುತ್ತಿತ್ತು. ಶೋಭಾ ಕೈಮುಗಿದಿದ್ದಳು, ಅವಳ ಕಣ್ಣು ತುಂಬಿತ್ತು. ನನಗೆ ಕಂಡದ್ದು ಹದಿನೇಳನೆಯ ಸಾಲು ಮಾತ್ರ.

ನುಗ್ಗಿದೆ. ಗ್ಯಾಸು ಆರಿಸಿದೆ! "ಕಂಟ್ರೋಲ್ಡ್!" ಎಂದು ಘೋಷಿಸಿದೆ.

ಹಾಲು ಮೆಲ್ಲಗೆ ಕೆಳಗಿಳಿಯಿತು. ನೆಂಟರ ಮುಖಗಳೂ ಇಳಿದವು.

"ಉಕ್ಕಲಿಕ್ಕೇ ಅಲ್ವಾ ಇಟ್ಟದ್ದು!" ಅತ್ತೆ ಹಣೆ ಚಚ್ಚಿಕೊಂಡರು.

ಹೊಸ ಮನೆಯಲ್ಲಿ ಹಾಲು ಉಕ್ಕಿದರೆ ಶುಭ ಎಂಬುದು ನನಗೇನು ಗೊತ್ತಿಲ್ಲದ್ದಲ್ಲ. ಆದರೆ ಪಟ್ಟಿ ಮಾಡಿದ ಮೇಲೆ ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ.

ಭಟ್ಟರು ಗಡಿಯಾರ ನೋಡಿದರು. "ಇನ್ನು ಐದು ನಿಮಿಷ ಉಂಟು. ಬೇಗ ಹೊತ್ತಿಸಿ."

"ಲೈಟರ್ ಎಲ್ಲಿ?" ಶೋಭಾ ಕೇಳಿದಳು.

"ಡಿಕ್ಕಿಯಲ್ಲಿ."

"ಡಿಕ್ಕಿ?"

"ಸ್ಕೂಟರಿಂದು. ಕೆಳಗೆ."

ಅವಳು ನನ್ನನ್ನು ಒಮ್ಮೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು, ಹನ್ನೊಂದು ವರ್ಷದ ಅವಳ ಆಸೆಯನ್ನು ನಾನೇ ಆರಿಸಿಬಿಟ್ಟಿದ್ದೆ. ಮರುಕ್ಷಣ ಅವಳು ನನ್ನ ಕೈಯಿಂದ ರಿಸ್ಕ್ ರಿಜಿಸ್ಟರನ್ನು ಕಿತ್ತುಕೊಂಡು, ಸುರುಳಿ ಸುತ್ತಿ, ದೇವರ ದೀಪಕ್ಕೆ ಹಿಡಿದು ಒಲೆ ಹಚ್ಚಿದಳು!

ಒಂಬತ್ತೂವರೆಗೆ ಒಂದು ನಿಮಿಷ ಇರುವಾಗ ಹಾಲು ಭರ್ಜರಿಯಾಗಿ ಉಕ್ಕಿತು. ಕಟ್ಟೆಯೆಲ್ಲ ಹಾಲು. ಒರೆಸುವ ಕೆಲಸಕ್ಕೆ ಓನರ್ ಯಾರೆಂದು ಯಾರೂ ಕೇಳಲಿಲ್ಲ. ಬಟ್ಟೆ ನನ್ನ ಕೈಗೇ ಬಂತು.

ಪಟ್ಟಿ ಪೂರ್ತಿ ಸುಟ್ಟಿರಲಿಲ್ಲ. ಓನರ್ ಹೆಸರಿನ ಕೊನೆಯ ಕಾಲಮ್ಮು ಮಾತ್ರ ಉಳಿದಿತ್ತು: ಸದಾನಂದ, ಸದಾನಂದ, ಸದಾನಂದ, ಮೇಲಿನಿಂದ ಕೆಳಗಿನವರೆಗೆ. ಶೋಭಾ ಅದನ್ನು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಬಂದವರು ಇದೇನೆಂದು ಕೇಳಿದರೆ, ಟ್ರೈನಿಂಗಿಗೆ ಹೋದವಳೇ ತಾನೆಂಬಂತೆ ಹೇಳುತ್ತಾಳೆ:

"ರಿಸ್ಕ್ ಅಲ್ಲ ಮಾರಾಯ್ರೇ, ಇದು ಆಗಿಹೋದದ್ದು. ನಮ್ಮನೆಯ ಇಶ್ಯೂ ಲಿಸ್ಟ್."