ಚಂದ್ರನನ್ನು ಕಂಡರಾಗದ ಮಾವ

ನಮ್ಮ ಸೋದರಮಾವನಿಗೆ ಚಂದ್ರನನ್ನು ಕಂಡರೆ ಆಗುತ್ತಿರಲಿಲ್ಲ! ಹುಣ್ಣಿಮೆಯ ದಿನ ಮನೆಯವರೆಲ್ಲ ಬೆಳದಿಂಗಳಲ್ಲಿ ಊಟಕ್ಕೆ ಕೂತರೆ, ಇವರೊಬ್ಬರು ಒಳಗೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. "ಆ ದೀಪ ಆರೋತನಕ ನಮಗೆ ಕೆಲಸಿಲ್ಲ" ಎಂಬ ಗೊಣಗಾಟ ಬೇರೆ.

ಕೆಲಸವೇನು ಮಹಾ? ದಾವಣಗೆರೆಯ ಹತ್ತಿ ಗಿರಣಿಯ ಗುಮಾಸ್ತಿಕೆ ಹೊಟ್ಟೆಪಾಡಿಗೆ. ಖರೇ ಕೆಲಸವೆಂದರೆ ಅಮಾವಾಸ್ಯೆಗೆ ಹರಿಹರದ ಹೊಳೆದಂಡೆಯಲ್ಲಿ ದುರ್ಬೀನು ಹಿಡಿದು ಕೂರುವುದು. ಕೊಳವೆ ತಗಡಿನದು, ಗಾಜು ಹರಿಹರದ ಕನ್ನಡಕದಂಗಡಿಯವರು ಹೊಂದಿಸಿದ್ದು. ಅವರೂ ಭಾನುವಳ್ಳಿಯ ಮೇಷ್ಟರೂ ಮಾವನ ಜೊತೆಗಾರರು. ಮೂವರಿಗೂ ಒಂದೇ ರೋಗ! ಕೊಳವೆ ಹೊತ್ತು ಸ್ಟೇಷನ್ನಿಗೆ ಹೊರಟರೆ ಬೀದಿಯುದ್ದಕ್ಕೂ, "ಯಾರ ಮನಿಗೆ ನಲ್ಲಿ ಹಾಕಾಕೆ ಹೊಂಟೀರಿ?"

ಅತ್ತೆಯದು ಬೇರೆ ಮಾತು: "ಅಮಾಸೆ ದಿನ ಹೊರಗೆ ತಿರುಗೋದು ದೆವ್ವ ಒಂದೇ ಅಂತಿದ್ರು. ಈಗ ಮೂರು ಜನ ಜಾಸ್ತಿ ಆದ್ರು ನೋಡಪ್ಪ!"

ನಾಲ್ಕನೆಯವನು ನಾನು. ದಂಡೆಯಲ್ಲಿ ಮೊದಲ ಅರ್ಧ ತಾಸು ದೀಪವಿಲ್ಲ, ಬೀಡಿಯಿಲ್ಲ. ಕಣ್ಣು ಕತ್ತಲೆಗೆ ಪಳಗಬೇಕಂತೆ. ಒಮ್ಮೆ ನಂದಿಗುಡಿಯ ರೈತನೊಬ್ಬ ಲಾಟೀನು ಹಿಡಿದು ಹತ್ತಿರ ಬಂದು ಪಿಸುಗುಟ್ಟಿದ: "ನಿಧಿ ಎಲ್ಲೈತ್ರಿ? ನಮಗೂ ಒಂದು ಪಾಲು ಇರ್ಲಿ."

"ಮೊದ್ಲು ಲಾಟೀನು ಆರಸ್ರೀ! ಅರ್ಧ ತಾಸಿನ ಕತ್ತಲೆ ಹಾಳಾತು!" ಎಂದು ಮಾವ ಅರಚಿದರು. ನಿಧಿಯೇ ಖಾತ್ರಿ ಎಂದುಕೊಂಡ ಆತ ದೀಪ ಆರಿಸಿ ಬೆಳಗಿನವರೆಗೂ ಜಾಗ ಬಿಟ್ಟು ಏಳಲಿಲ್ಲ!

ಇನ್ನೊಮ್ಮೆ ಕನ್ನಡಕದಂಗಡಿಯವರು ಹೊಸ ನೀಹಾರಿಕೆ, ಅಂದರೆ ಚುಕ್ಕಿಗಳ ನಡುವಿನ ಮಸುಕು ಬೆಳಕಿನ ಮೋಡ, ಕಂಡುಹಿಡಿದರು. ಮೇಷ್ಟರು ಅದರ ಚಿತ್ರವನ್ನೂ ಬರೆದರು. ದುರ್ಬೀನನ್ನು ಮೂಡಣಕ್ಕೆ ತಿರುಗಿಸಿದರೂ ಅದೇ, ಪಡುವಣಕ್ಕೆ ತಿರುಗಿಸಿದರೂ ಅದೇ! "ಆಕಾಶದ ತುಂಬ ಇದೇ ಐತಲ್ರೀ!" ಕೊನೆಗೆ ನೋಡಿದರೆ, ದೋಸೆ ತಿಂದ ಮಾವನ ಹೆಬ್ಬೆರಳಿನ ಬೆಣ್ಣೆ ಗಾಜಿಗೆ ಮೆತ್ತಿತ್ತು.

ನನಗೆ ಒಂದಾದರೂ ನಿಜವಾದ ನೀಹಾರಿಕೆ ತೋರಿಸಬೇಕೆಂಬುದು ಮಾವನ ಹಟ. "ನೇರ ನೋಡಬ್ಯಾಡ ಅಳಿಯಾ, ಒಂಚೂರು ಪಕ್ಕಕ್ಕೆ ನೋಡು. ತಾನೇ ಕಾಣ್ತೈತೆ." ಇದೆಂಥ ನ್ಯಾಯ? ಕಾಣಬೇಕಾದದ್ದನ್ನು ನೋಡಲೇಬಾರದಂತೆ! ನಾನು ನೇರವಾಗಿಯೇ ನೋಡುತ್ತಿದ್ದೆ, ಬರೀ ಕಪ್ಪು. ಪಕ್ಕದಲ್ಲಿ ಕೈ ಕಟ್ಟಿ ನಿಂತಿರುತ್ತಿದ್ದ ಅವರನ್ನು ನಿರಾಶೆಗೊಳಿಸುವುದು ಹೇಗೆ? "ಕಂಡಿತು ಮಾವ" ಎಂದುಬಿಡುತ್ತಿದ್ದೆ. "ಕಂಡ್ತಂತ್ರೀ! ನಮ್ಮ ಅಳಿಯಗೆ ಕಂಡ್ತಂತೆ!" ಎಂದು ಕುಣಿದು ಮಂಡಕ್ಕಿ ಪೊಟ್ಟಣವನ್ನೇ ನನ್ನ ಕೈಗಿಡುತ್ತಿದ್ದರು. ಮೂರು ವರ್ಷ ಆ ಸುಳ್ಳಿನ ಮಂಡಕ್ಕಿ ತಿಂದೆ. ನಿಜ ಹೇಳಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ.

ಹೇಳುವ ಮೊದಲೇ, ಈ ಶ್ರಾವಣದಲ್ಲಿ ಎಂಟು ದಿನದ ಜ್ವರಕ್ಕೆ ಮಾವ ಹೋಗಿಬಿಟ್ಟರು.

ಮಳೆಗಾಲ ಮುಗಿದ ಮೇಲೆ, ಅಮಾವಾಸ್ಯೆಗೆ ಬರಬೇಕೆಂದು ಜೊತೆಗಾರರು ಹೇಳಿ ಕಳಿಸಿದರು. ಕೊಳವೆಯನ್ನು ನಾನೇ ಹೊತ್ತು ಹೋದೆ. ಬೀದಿಯಲ್ಲಿ ಯಾರೋ ನಲ್ಲಿಯ ವಿಷಯ ಕೇಳಿದರು, ಕೊಳವೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ ನಡೆದೆ. ಹೊಳೆದಂಡೆಯಲ್ಲಿ ಮೇಷ್ಟರು ಗುರಿ ಹಿಡಿದು, "ನೋಡ್ರಿ" ಎಂದರು. ಕಣ್ಣಿಟ್ಟೆ. ಅದೇ ಕಪ್ಪು. ಕಣ್ಣನ್ನು ದುರ್ಬೀನಿನಿಂದ ತೆಗೆಯದಿದ್ದರೂ ನೋಟ ತಾನಾಗಿ ಪಕ್ಕಕ್ಕೆ, ಮಾವ ನಿಲ್ಲುತ್ತಿದ್ದ ಕಡೆಗೆ ಹೊರಳಿತು.

ಆಗ ಕಪ್ಪಿನ ಅಂಚಿನಲ್ಲಿ, ಗಿರಣಿಯಿಂದ ಬಂದ ಮಾವನ ಅಂಗಿಗೆ ಅಂಟಿರುತ್ತಿದ್ದ ಹತ್ತಿಯ ಎಳೆಯಷ್ಟು ಬೆಳಕು ಮೂಡಿತು.

"ಕಂಡಿತು ಮಾವ" ಎಂದೆ, ಗಟ್ಟಿಯಾಗಿಯೇ.

ಕನ್ನಡಕದಂಗಡಿಯವರು ಮೆಲ್ಲಗೆ ಹೇಳಿದರು: "ಬೆಣ್ಣೆ ಅಲ್ರಿ ಅದು. ಗಾಜು ನಾನೇ ಒರೆಸೀನಿ."