ರೊಟ್ಟಿ ಬಿಟ್ಟ ಮಂದಿ

ರೋಗ ಬಂದ ಮನೆಯಲ್ಲಿ ನಗು ಇರುವುದಿಲ್ಲ ಎನ್ನುವವರು ಒಂದೋ ರೋಗ ಕಂಡಿಲ್ಲ, ಇಲ್ಲವೇ ನಮ್ಮೂರು ಕಂಡಿಲ್ಲ. ನನಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಆದರೆ ರೊಟ್ಟಿ ಬಿಟ್ಟ ಮೇಲೆ ಆದಷ್ಟು ಫಜೀತಿ ಅದಕ್ಕೂ ಮುಂಚೆ ಎಂದೂ ಆಗಿರಲಿಲ್ಲ. ಅತ್ತರೆ ಜನ ನೋಡುತ್ತಾರೆ, ನಕ್ಕರೆ ಜನ ಕೇಳುತ್ತಾರೆ. ಅದಕ್ಕೇ ಬರೆದುಬಿಡುತ್ತೇನೆ.

ನಾನು ದರ್ಜಿ. ನವಲಗುಂದದ ಕಡೆಯ ಒಂದು ಎರೆಭೂಮಿಯ ಊರಿನಲ್ಲಿ ನನ್ನ ಅಂಗಡಿ. ಮಷಿನ್ನು ಕಾಲಿನಿಂದ ತುಳಿಯುವಂಥದು. ಬಲಗಾಲಿನ ಕಿರುಬೆರಳಿಗೆ ಹೊಸ ಚಪ್ಪಲಿ ಕಚ್ಚಿತು. ಗಾಯ ಮಾಯಲಿಲ್ಲ. ಬೆರಳು ಮೊದಲು ನೀಲಿಯಾಯಿತು, ಆಮೇಲೆ ಒಣಗಿದ ಮೆಣಸಿನಕಾಯಿಯ ಹಾಗೆ ಕಪ್ಪಾಗಿ ಮುದುಡಿತು. ಹುಬ್ಬಳ್ಳಿಯ ಡಾಕ್ಟರು ನೋಡಿದರು. "ಬೆರಳು ಹೋದಂಗನ. ಅದರ ಆಶಾ ಬಿಡ್ರಿ. ಸಕ್ರಿ ಇಳಿಸ್ಕೊಂಡು ಬಂದ್ರ ಬೆರಳಷ್ಟ ತಗೀತೀನಿ. ಇಳೀಲಿಲ್ಲಂದ್ರ ಮೊಣಕಾಲತನಾ ತಗೀಬೇಕಾಗ್ತದ" ಎಂದರು. ದರ್ಜಿಗೆ ಕೈ ಅನ್ನ ಹಾಕುತ್ತದೆ ಎಂದು ಜನ ತಿಳಿದಿದ್ದಾರೆ. ನನಗೆ ಅನ್ನ ಹಾಕಿದ್ದು ಆ ಬಲಗಾಲು. ಅಂಜಿದೆ, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ನಮ್ಮೂರಿನ ಆರೋಗ್ಯ ಕೇಂದ್ರದ ಸಿಸ್ಟರ್ ನನ್ನಂಥ ನಾಲ್ವರನ್ನು ಒಂದುಗೂಡಿಸಿದರು. ನಾನು, ಗಾದಿ ಹೊಲಿಯುವ ಸಾಹೇಬರು, ಖಡಕ್ ರೊಟ್ಟಿ ಬಡಿದು ಮಾರುವ ಅಕ್ಕ, ಮತ್ತೆ ನಿವೃತ್ತ ಹೆಡ್‌ಮಾಸ್ತರು. "ಒಬ್ಬೊಬ್ಬರನ್ನ ಬಿಟ್ರ ನೀವು ಕದ್ದು ತಿಂತೀರಿ. ಒಬ್ಬರನ್ನೊಬ್ಬರು ಕಾಯ್ರಿ" ಎಂದು ಸಿಸ್ಟರ್ ಕಟ್ಟಪ್ಪಣೆ ಮಾಡಿದರು. ಪ್ರತಿ ಸಂತೆಯ ದಿನ ಸಂಜೆ ನನ್ನ ಅಂಗಡಿಯಲ್ಲಿ ಸೇರುವುದು, ಸಕ್ಕರೆ ನೋಡಲು ಕೈಬೆರಳು ಚುಚ್ಚಿಸಿಕೊಳ್ಳುವುದು, ತಿಂದದ್ದನ್ನು ಒಪ್ಪಿಕೊಳ್ಳುವುದು. ಕಳ್ಳರನ್ನೇ ಕಾವಲಿಗೆ ಇಟ್ಟ ಹಾಗಾಯಿತು.

ಖಾರ

ಮೊದಲ ದಿನ ಸಿಸ್ಟರ್ ಹೇಳಿದ್ದು ಇಷ್ಟೇ: "ನಾಲ್ಕೂ ಮಂದಿ ಕಾರ್ಬ್ ಬಿಡ್ರಿ. ಗುಳಿಗಿ ಮಾತ್ರ ಬಿಡಬ್ಯಾಡ್ರಿ." ಅವರು ಓದಿಕೊಂಡದ್ದು ಇಂಗ್ಲಿಷಿನಲ್ಲಿ, ನಾವು ಕೇಳಿಸಿಕೊಂಡದ್ದು ನಮ್ಮ ಕನ್ನಡದಲ್ಲಿ. ಅದರಲ್ಲೂ ಸಾಹೇಬರ ಕಿವಿ ಹತ್ತಿ ಹಿಂಜುವ ಯಂತ್ರದ ಸದ್ದಿಗೆ ಅರ್ಧ ಹೋಗಿತ್ತು. ಅವರು ಯಾರನ್ನೂ ಏನನ್ನೂ ಕೇಳದೆ ಮನೆಗೆ ಹೋದರು.

ಮುಂದಿನ ಸಂತೆಗೆ ಮೂವರದೂ ಸಕ್ಕರೆ ತುಸು ಇಳಿದಿತ್ತು. ಸಾಹೇಬರದು ಏರಿತ್ತು. ಸಿಸ್ಟರಿಗೆ ಸಿಟ್ಟು ಬಂತು.

"ಸಾಹೇಬ್ರ, ನೀವು ಬಿಟ್ಟಿಲ್ಲ."

"ಅಲ್ಲಾನ ಆಣಿ ಮಾಡಿ ಹೇಳ್ತೀನ್ರಿ, ಪೂರ್ತಿ ಬಿಟ್ಟೀನಿ. ಮನ್ಯಾಗ ರಂಜಕದ ಭರಣಿ ಮುಚ್ಚಿ ಇಟ್ಟೀನಿ. ಹಸಿ ಮೆಣಸಿನಕಾಯಿ ವಾಸನಿ ಸುದ್ದಾ ನೋಡಿಲ್ಲ."

ಸಿಸ್ಟರ್ ನಮ್ಮ ಮುಖ ನೋಡಿದರು. ಅಕ್ಕನಿಗೆ ತಟ್ಟನೆ ಹೊಳೆಯಿತು. "ಸಾಹೇಬ್ರ ಖಾರ ಬಿಟ್ಟಾರ್ರಿ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹಂಗಾರ ರೊಟ್ಟಿ ಯಾತಕ್ಕ ಹಚ್ಕೊಂಡು ತಿಂದ್ರಿ?" ಸಿಸ್ಟರ್ ಕೇಳಿದರು.

"ಬೆಲ್ಲಕ್ಕರಿ. ಒಂದೊಂದ ಸಲ ಬಾಳಿಹಣ್ಣಿಗೆ."

ಸಿಸ್ಟರ್ ತಲೆ ಮೇಲೆ ಕೈ ಇಟ್ಟುಕೊಂಡು, ರೊಟ್ಟಿ, ಅನ್ನ, ಚಪಾತಿ, ಅವಲಕ್ಕಿ, ಬೆಲ್ಲ, ಎಲ್ಲದರ ಹೆಸರು ಹಿಡಿದು ಕೂಗಿ ಹೇಳಿದರು. ಸಾಹೇಬರು ಒಂದೊಂದು ಹೆಸರಿಗೂ ಕುಗ್ಗುತ್ತಾ ಹೋದರು. ಕೊನೆಗೆ ಆಸೆಯಿಂದ ಕೇಳಿದರು.

"ಖಾರ ತಿನಬಹುದಲ್ರಿ?"

"ಧಾರಾಳ ತಿನ್ರಿ."

"ಯಾತರ ಕೂಡ ತಿನ್ನಲ್ರಿ ಇನ್ನ?"

ಅನ್ನ ಬಿಟ್ಟ ಸುದ್ದಿ

ನನ್ನ ಹೆಂಡತಿ ನಳದ ಹತ್ತಿರ ಕೊಡ ತುಂಬುವಾಗ ಯಾರಿಗೋ ಹೇಳಿದಳಂತೆ, "ನಮ್ಮನಿಯವರು ರೊಟ್ಟಿ, ಅನ್ನ ಎಲ್ಲಾ ಬಿಟ್ಟಾರವಾ" ಎಂದು. ಅವಳು ಹೇಳಿದ್ದು ಹೆಮ್ಮೆಯಿಂದ. ಆದರೆ ನಮ್ಮ ಕಡೆ ಅನ್ನ ಬಿಟ್ಟಾರ ಅಂದರೆ ಒಂದೇ ಅರ್ಥ. ಮನುಷ್ಯ ಇನ್ನು ಬಹಳ ದಿನ ಇಲ್ಲ, ಬಂದು ಬಾಯಿಗೆ ನೀರು ಬಿಟ್ಟು ಹೋಗಿರಿ ಅಂತ.

ಮರುದಿನ ಮೊದಲ ಬಸ್ಸಿಗೇ ತಿರ್ಲಾಪುರದ ಸೋದರತ್ತೆ ಇಳಿದಳು. ಬಾಗಿಲಿನಲ್ಲೇ ಅಳು ಶುರು. ಹಿಂದೆಯೇ ಕುಂದಗೋಳದಿಂದ ಹೆಂಡತಿಯ ತಮ್ಮ ಬಂದ. ಹೋಗುವ ಜೀವಕ್ಕೆ ಆಸೆ ಉಳಿಯಬಾರದಲ್ಲ, ಅದಕ್ಕೇ ಅತ್ತೆ ಡಬ್ಬಿ ತುಂಬ ಗೋಧಿ-ಬೆಲ್ಲದ ಮಾದಲಿ ತಂದಿದ್ದಳು, ಮೇಲೆ ಒಂದು ಬೆರಳು ತುಪ್ಪ. ನಾನು ಯಾರದೋ ಜುಬ್ಬಾಕ್ಕೆ ಕಾಜ ಮಾಡುತ್ತ ಕೂತಿದ್ದೆ. ಅತ್ತೆ ನನ್ನ ಕೈ ಮುಟ್ಟಿ ನೋಡಿ, "ಇನ್ನೂ ಬೆಚ್ಚಗೈತಿ" ಎಂದಳು.

"ಅತ್ತಿ, ನಾ ಸಾಯಾಕತ್ತಿಲ್ಲ."

"ಎಲ್ಲಾರೂ ಹಂಗ ಅಂತಾರಪಾ. ನಿಮ್ಮ ಮಾವಾನೂ ಹಂಗ ಅಂದಿದ್ದ. ಬಾಯಿ ತೆರಿ, ಒಂದ ತುತ್ತು."

ತುಪ್ಪದ ವಾಸನೆ ಮೂಗಿಗೆ ಬಡಿಯಿತು. ಎಷ್ಟೋ ದಿನದಿಂದ ಹಕ್ಕರಕಿ ಸೊಪ್ಪು, ಸೌತೆಕಾಯಿ, ಹೆಸರುಕಾಳು ಜಗಿದ ಬಾಯಿ ನನ್ನದು. ಕಣ್ಣಲ್ಲಿ ನೀರೇ ಬಂತು. ಅದನ್ನು ನೋಡಿ ಅತ್ತೆ ಇನ್ನೂ ಜೋರಾಗಿ ಅತ್ತಳು, ಅವಳನ್ನು ನೋಡಿ ಹೆಂಡತಿ ಅತ್ತಳು. ನಾನು ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಅಳು ಕೇಳಿ ರೊಟ್ಟಿ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದು ಡಬ್ಬಿ ಕಸಿದುಕೊಂಡಳು.

"ಇದನ್ನ ತಿನಸ್ಬ್ಯಾಡ್ರಿ ಯವ್ವಾ. ತಿನಿಸಿದ್ರ ನೀವು ಬಂದದ್ದು ಖರೇನ ಆಗ್ತೈತಿ."

ಅತ್ತೆಯನ್ನು ಸಮಾಧಾನ ಮಾಡಿ, ನಾನು ಸಾಯುವುದಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವಳು ಒಪ್ಪಿದಳು, ಆದರೆ ಹೆಂಡತಿಯ ತಮ್ಮನ ಮುಖ ಮಾತ್ರ ಸಪ್ಪಗೇ ಇತ್ತು. ಬದಿಗೆ ಕರೆದು ಏನಾಯಿತೋ ಎಂದು ಕೇಳಿದೆ.

"ಮಾಮಾ, ರಜಾ ಕೊಡಂಗಿಲ್ಲ ಅಂದ್ರು. ಅದಕ್ಕ ನೀವು ಹೋಗೇಬಿಟ್ರಿ ಅಂತ ಹೇಳಿ ಬಂದೀನಿ. ಒಂದಿಷ್ಟ ದಿನಾ ಕುಂದಗೋಳದ ಕಡೆ ಬರಬ್ಯಾಡ್ರಿ."

ನೊಣ

ಸಂತೆಯಿಂದ ಸಂತೆಗೆ ಕಾಯುವುದು ಸಾಲದೆಂದು ಸಿಸ್ಟರ್ ಫೋನಿನಲ್ಲಿ ಒಂದು ಗುಂಪು ಮಾಡಿದರು. ಊಟಕ್ಕೆ ಕೂರುವ ಮುಂಚೆ ತಾಟಿನ ಫೋಟೋ ಹಾಕಬೇಕು. ಸಾಹೇಬರ ಫೋಟೋದಲ್ಲಿ ಯಾವಾಗಲೂ ಅವರ ಹೆಬ್ಬೆರಳೇ ದೊಡ್ಡದಾಗಿ ಬರುತ್ತಿತ್ತು, ತಾಟು ಅದರ ಹಿಂದೆ. ನನ್ನದು ಅಲುಗಿರುತ್ತಿತ್ತು. ಹೆಡ್‌ಮಾಸ್ತರದು ಮಾತ್ರ ಮಾದರಿ. ಮೊಳಕೆ ಕಾಳು, ಮೂಲಂಗಿ, ಮೊಸರು, ಒಂದು ಚಮಚ ಅಗಸಿ ಚಟ್ನಿ. ಸಿಸ್ಟರ್ ದಿನಾ ಹೂವಿನ ಚಿತ್ರ ಹಾಕಿ ಹೊಗಳುತ್ತಿದ್ದರು. "ಸರ್‌ನ ನೋಡಿ ಕಲೀರಿ" ಎಂದು ನಮಗೆ ಬುದ್ಧಿ ಹೇಳುತ್ತಿದ್ದರು.

ಜನ್ಮವೆಲ್ಲ ಇತರರಿಗೆ ಶಿಸ್ತು ಹೇಳಿದ ಮನುಷ್ಯ. ನಮಗೂ ಹೇಳಿದರು. ಮನಸ್ಸು ಗಟ್ಟಿ ಇರಬೇಕು, ನಾಲಿಗೆ ಅನ್ನುವುದು ಹುಡುಗನಿದ್ದ ಹಾಗೆ, ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತದೆ, ಹೀಗೆ. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ನನ್ನ ಕಾಲು ಹೋಗುವುದರಲ್ಲಿದ್ದರೂ ನನಗಿಲ್ಲದ ಗಟ್ಟಿತನ ಇವರಿಗೆ ಎಲ್ಲಿಂದ ಬಂತು ಎಂದು.

ಒಂದು ಸಂತೆಯ ಸಂಜೆ ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದಳು.

"ಸರ್, ನಿಮ್ಮ ತಾಟಿನ ದಂಡಿಗೆ ಒಂದು ನೊಣಾ ಕುಂತೈತಿ ನೋಡ್ರಿ."

"ಇರಬಹುದು. ಹಳ್ಯಾಗ ನೊಣಾ ಇರೂದ."

"ಹೌದ್ರಿ. ಆದ್ರ ಹೋದ ಸಂತಿಯಿಂದ ಈ ಸಂತಿತನಾ ಅಲ್ಲೇ ಕುಂತೈತಿ. ಅದೂ ಪಥ್ಯಾ ಮಾಡಾಕತ್ತೈತೇನ್ರಿ?"

ನಾಯಿ

ಆಮೇಲೆ ಹೆಡ್‌ಮಾಸ್ತರು ದಿನಾ ಹೊಸ ಫೋಟೋ ಹಾಕತೊಡಗಿದರು. ಮನೆಯಲ್ಲಿ ನಿಜಕ್ಕೂ ರೊಟ್ಟಿ ಬಿಟ್ಟರು ಎಂದು ಅವರ ಹೆಂಡತಿಯೇ ಹೇಳಿದರು. ಆದರೂ ನಡುವೆ ಏರಿದ್ದ ಸಕ್ಕರೆ ಇಳಿಯಲಿಲ್ಲ. ಸಿಸ್ಟರ್ ಗಾಬರಿಯಾಗಿ ಹುಬ್ಬಳ್ಳಿಗೆ ಹೋಗಿ ತೋರಿಸಿಕೊಳ್ಳಿ ಎಂದರು. ಹೆಡ್‌ಮಾಸ್ತರು ಹೋಗೋಣ, ಹೋಗೋಣ ಎನ್ನುತ್ತಲೇ ಇದ್ದರು. ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಪೇಪರು ಹಿಡಿದು ಕೂತವರು ಹಾಗೇ ಹೋಗಿಬಿಟ್ಟರು.

ಸುದ್ದಿ ಕೇಳಿ ನಾನು ಮೊದಲು ನೋಡಿದ್ದು ನನ್ನ ಕಾಲನ್ನು. ಸತ್ತವರನ್ನು ನೆನೆಯುವ ಮೊದಲು ನನ್ನ ಬೆರಳಿನ ಕಪ್ಪು ಮೇಲೆ ಏರಿದೆಯೇನೋ ಎಂದು ನೋಡಿಕೊಂಡೆ. ಅಂಜಿಕೆ ಮನುಷ್ಯನನ್ನು ಅಷ್ಟು ಸಣ್ಣವನನ್ನಾಗಿ ಮಾಡುತ್ತದೆ.

ಮಣ್ಣು ಕೊಟ್ಟು ಬಂದ ಮೇಲೆ ನೆರೆಯವರು ತಂದ ಬುತ್ತಿ ಬಿಚ್ಚಿ ಎಲ್ಲರಿಗೂ ಬಡಿಸಿದರು. ನಾವು ಮೂವರು ಮೂಲೆಯಲ್ಲಿ ಕೂತಿದ್ದೆವು. ಹೆಡ್‌ಮಾಸ್ತರ ಹೆಂಡತಿ ಅಂಥ ದುಃಖದಲ್ಲೂ ನಮ್ಮನ್ನು ಗುರುತಿಸಿದರು. "ಇವರಿಗೆ ರೊಟ್ಟಿ ಹಾಕಬ್ಯಾಡ್ರಿ, ಬರೇ ಪಲ್ಯಾ ಹಾಕ್ರಿ. ಇವರು ಅವರ ಗುಂಪಿನವರು. ಅವರೂ ಕಡೀತನಾ ಒಂದು ಚೂರು ರೊಟ್ಟಿ ಮುಟ್ಟಲಿಲ್ಲ" ಎಂದರು. ಅಕ್ಕನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಎದ್ದು ಹೊರಗೆ ಹೋದಳು. ನಾನೂ ಸಾಹೇಬರೂ ಹಿಂದೆ ಹೋದೆವು. ಕಟ್ಟೆಯ ಮೇಲೆ ಕೂತು ಒಂದೇ ಸಮನೆ ಅಳುತ್ತಿದ್ದಳು.

"ದಿನಾ ಸಂಜಿಮುಂದ ನನ್ನ ಹಂತ್ಯಾಕ ಬರ್ತಿದ್ರು. ಬಿಸಿ ರೊಟ್ಟಿ ಒಯ್ತಿದ್ರು. ನಾಯಿಗೆ ಅಂತಿದ್ರು."

"ಅವರ ಮನ್ಯಾಗ ನಾಯಿ ಎಲ್ಲೈತಿ?" ಎಂದರು ಸಾಹೇಬರು.

"ಇಲ್ಲರಿ. ಅದು ನನಗೂ ಗೊತ್ತಿತ್ತು. ಹೆಡ್‌ಮಾಸ್ತರಿಗೆ ಸುಳ್ಳ ಹೇಳ್ತೀರಿ ಅನ್ನಾಕ ಬಾಯಿ ಬರಲಿಲ್ಲ. ಸುಮ್ಮನ ಒಂದಿನ ಕೇಳಿದೆ, ಸರ್, ನಾಯಿಗೆ ಚಟ್ನಿ ಕೊಡ್ಲೇನ್ರಿ ಅಂತ." ಅವಳು ಮೂಗು ಒರೆಸಿಕೊಂಡಳು. ಅಳುತ್ತಲೇ ಅವಳಿಗೆ ನಗು ಬಂತು, ನಮಗೂ ಬಂತು, ಸಾವಿನ ಮನೆಯ ಕಟ್ಟೆಯ ಮೇಲೆ.

"ಏನಂದ್ರು?"

"ಶೇಂಗಾದ್ದು ಕೊಡವಾ, ಅದಕ್ಕ ಅಗಸಿದು ಸೇರಂಗಿಲ್ಲ ಅಂದ್ರು."

ಬೆರಳು

ಅಲ್ಲಿಂದ ಮುಂದೆ ಮೂವರೂ ಬಿಗಿಯಾದೆವು. ಅಕ್ಕ ನನ್ನನ್ನು ನಂಬುವುದು ಬಿಟ್ಟು ದಿನಾ ಮಧ್ಯಾಹ್ನ ಬಂದು ತಾಟು ನೋಡಿಹೋಗುತ್ತಿದ್ದಳು. ಸಾಹೇಬರು ಖಾರವನ್ನು ಸೌತೆಕಾಯಿಗೆ ಹಚ್ಚಿಕೊಂಡು ತಿನ್ನಲು ಕಲಿತರು. ನನ್ನ ಸಕ್ಕರೆ ಇಳಿಯಿತು. ಹುಬ್ಬಳ್ಳಿಯ ಡಾಕ್ಟರು ಕಾಲನ್ನು ತಿರುಗಿಸಿ ತಿರುಗಿಸಿ ನೋಡಿ, "ಬೆರಳಷ್ಟ" ಎಂದರು. ಹಾಗೆ ಹೇಳಿದಾಗ ನನಗೆ ಲಾಟರಿ ಹೊಡೆದಷ್ಟು ಸಂತೋಷವಾಯಿತು. ಬೆರಳು ಕತ್ತರಿಸುತ್ತಾರೆ ಎಂದು ಖುಷಿಪಟ್ಟವನು ಆ ಆಸ್ಪತ್ರೆಯಲ್ಲಿ ನಾನೊಬ್ಬನೇ ಇರಬೇಕು.

ಬೆರಳನ್ನು ಅಲ್ಲೇ ಬಿಟ್ಟು ಬರಲು ನನ್ನ ಹೆಂಡತಿ ಒಪ್ಪಲಿಲ್ಲ. ಹುಟ್ಟಿದ ದೇಹ ಪೂರ್ತಿಯಾಗಿ ಊರ ಮಣ್ಣಿಗೇ ಸೇರಬೇಕು ಎಂದು ಹಟ ಹಿಡಿದಳು. ಆಸ್ಪತ್ರೆಯವರು ಕಾಗದಕ್ಕೆ ಸಹಿ ಮಾಡಿಸಿಕೊಂಡು ಒಂದು ಸಣ್ಣ ಡಬ್ಬಿ ಕೊಟ್ಟರು. ಮರುದಿನ ಸಾಹೇಬರು ಅಕ್ಕನನ್ನೂ ಕೂರಿಸಿಕೊಂಡು ಗಾದಿ ಸಾಗಿಸುವ ತಮ್ಮ ಟೆಂಪೋ ತಂದರು. ನಾನು ಗಾದಿಗಳ ಮೇಲೆ, ಬೆರಳು ಅಕ್ಕನ ಮಡಿಲಲ್ಲಿ, ಹೀಗೆ ಊರಿಗೆ ಬಂದೆವು. ಕುಣಿ ತೋಡುವ ಮುದುಕನಿಗೆ ಹೆಂಡತಿ ಮೊದಲೇ ಫೋನಿನಲ್ಲಿ ಹೇಳಿದ್ದಳು, "ನಮ್ಮನಿಯವರದು ಮಣ್ಣು ಐತಿ, ಕುಣಿ ತೋಡಿರು" ಎಂದು. ಏನು ಹೂಳುವುದು ಎಂದು ಹೇಳಿರಲಿಲ್ಲ.

ಹೆಂಡತಿಯನ್ನು ಮನೆಯ ಹತ್ತಿರ ಇಳಿಸಿ ಟೆಂಪೋ ನೇರ ರುದ್ರಭೂಮಿಗೇ ಹೋಯಿತು. ನಾನು ಸಾಹೇಬರ ಹೆಗಲು ಹಿಡಿದು ಕುಂಟುತ್ತಾ ಒಳಗೆ ಬಂದೆ. ಮುದುಕ ಸಲಿಕೆ ಊರಿಕೊಂಡು ನಿಂತಿದ್ದ. ನನ್ನನ್ನು ನೋಡಿ ಅವನ ಬಾಯಿಂದ ಬೀಡಿ ಬಿತ್ತು.

"ನೀವ ನಡ್ಕೋತ ಬಂದ್ರಿ?"

"ಬರೇ ಬೆರಳು ಹೋಗೈತೋ."

"ಹೇಳಬೇಕಿಲ್ಲೇನ್ರಿ? ಪೂರ್ತಿ ಆಳಿಂದು ತೋಡೀನಿ."

ಹೋಗಿ ನೋಡಿದೆ. ನನಗೆ ಸರಿಯಾದ ಅಳತೆಯೇ. ಜನ್ಮವೆಲ್ಲ ಊರಿನವರ ಅಳತೆ ತೆಗೆದವನು ನಾನು, ನನ್ನ ಅಳತೆಯನ್ನು ಇವನು ಕಣ್ಣಿನಲ್ಲೇ ತೆಗೆದಿದ್ದ. ಸಾಹೇಬರು ನನ್ನ ರಟ್ಟೆ ಬಿಗಿಯಾಗಿ ಹಿಡಿದುಕೊಂಡರು. ಅಕ್ಕ ಡಬ್ಬಿಯನ್ನು ಮುದುಕನ ಕೈಗೆ ಕೊಟ್ಟಳು. ಅವನು ಕುಣಿಗೆ ಇಳಿದು, ಡಬ್ಬಿಯ ಮುಚ್ಚಳ ತೆಗೆದು, ಬಟ್ಟೆ ಬಿಡಿಸಿ, ಬಹಳ ಹೊತ್ತು ಯೋಚಿಸಿದ. ನಮ್ಮ ಜನರಲ್ಲಿ ಸತ್ತವರನ್ನು ಕೂರಿಸಿ ಹೂಳುವುದು ಪದ್ಧತಿ. ಅವನು ಕೆಲಸದಲ್ಲಿ ಪದ್ಧತಿ ಬಿಡುವವನಲ್ಲ.

"ಇದನ್ನ ಕುಂದರಸ್ಬೇಕೇನ್ರಿ, ಮಲಗಸ್ಬೇಕೇನ್ರಿ?"

"ನಮ್ಮಲ್ಲಾದ್ರ ಮಲಗಸ್ತೀವಿ" ಎಂದರು ಸಾಹೇಬರು, ಅಷ್ಟೇ ಗಂಭೀರವಾಗಿ.

"ಕುಂದರಸಪಾ" ಎಂದೆ ನಾನು. "ಉಳಿದಾಂವ ಬರೂತನಾ ಹಾದಿ ಕಾಯಬೇಕಲ್ಲ."

ಮುದುಕ ಬೆರಳನ್ನು ನೆಟ್ಟಗೆ ನಿಲ್ಲುವಂತೆ ಮಣ್ಣಿಗೆ ಊರಿ ಮೇಲೆ ಬಂದ. ನಾವು ಮೂವರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಅಕ್ಕ ಕಣ್ಣು ಮುಚ್ಚಿ ಕೈ ಮುಗಿದಳು. ಮುದುಕ ಮಾತ್ರ ಸಲಿಕೆ ಎತ್ತಲಿಲ್ಲ. ಒಮ್ಮೆ ಅಷ್ಟು ದೊಡ್ಡ ಕುಣಿ ನೋಡಿದ, ಒಮ್ಮೆ ನನ್ನನ್ನು ನೋಡಿದ.

"ಇದನ್ನ ಮುಚ್ಚಲೇನ್ರಿ, ಹಿಂಗ ಬಿಡಲೇನ್ರಿ?"

"ಮುಚ್ಚೋ ಮಾರಾಯಾ" ಎಂದೆವು ಮೂವರೂ ಒಂದೇ ದನಿಯಲ್ಲಿ.

"ಮುಚ್ಚತೀನ್ರಿ. ಆದ್ರ ರೊಟ್ಟಿ ತಿನ್ನೂ ವಿಚಾರ ಇದ್ರ ಈಗ ಹೇಳಿಬಿಡ್ರಿ" ಎಂದ ಅವನು. "ಎರಿ ಮಣ್ಣು. ಒಮ್ಮೆ ಗಟ್ಟಿ ಆತಂದ್ರ ಮತ್ತ ತೋಡಾಕ ಬಾಳ ತ್ರಾಸ."